ಪಾದ್ರಿಯ ಊರನ್ನು ಬಾಯಿಪಾಠ ಮಾಡಿದ ಮುನ್ಶಿ

“ಮುನ್ಶಿ ಮನ್ಮಥಪ್ಪನ ಕಾಲು ಬೀದರದಾಗ, ನಾಲಿಗಿ ವಿಲಾಯತಿನಾಗ” ಎಂದು ಓಣಿಯವರು ಅನ್ನುತ್ತಿದ್ದರು. ಪಕ್ಕದ ಮನೆಯ ರುಕ್ಮಿಣಿಬಾಯಿ ಇನ್ನೂ ಒಂದು ಕೈ ಮುಂದೆ. “ಅವರ ಮನಿ ಬೆಕ್ಕು ಸುದ್ದಾ ಮ್ಯಾಂವ್ ಅನ್ನಂಗಿಲ್ಲವ್ವಾ, ಗಿರಜಾ ಗಿರಜಾ ಅಂತದ” ಎಂದು ಬಾವಿಯ ಹಗ್ಗ ಕೈಬಿಟ್ಟು ನಗುತ್ತಿದ್ದಳು. ಊರ ನಡುವಿನ ಕಾವಲು ಗೋಪುರ ಚೌಬಾರಾದ ಬುಡದಲ್ಲಿ ಎಲೆ ಅಡಿಕೆ ಮಾರುತ್ತಿದ್ದ ಮುನೀರೋದ್ದೀನ ಮಾತ್ರ ನಗುತ್ತಿರಲಿಲ್ಲ. ಮುನ್ಶಿ ಬಂದು ಅಂಗಡಿ ಕಟ್ಟೆಯ ಮೇಲೆ ಕೂತು ಬಾಯಿ ತೆರೆದನೆಂದರೆ ಸುತ್ತ ಮಂದಿ ನೆರೆಯುತ್ತಿತ್ತು. ಮಂದಿ ನೆರೆದರೆ ಎಲೆ ಖರ್ಚಾಗುತ್ತಿತ್ತು. ನಗುವ ಮಾತೆಲ್ಲಿ ಬಂತು?

ಓಣಿಯವರು ಅನ್ನುವುದರಲ್ಲಿ ತಪ್ಪೇನೂ ಇರಲಿಲ್ಲ. ಮನ್ಮಥಪ್ಪ ಸಮುದ್ರ ನೋಡಿದವನಲ್ಲ, ಹೈದರಾಬಾದು ದಾಟಿ ಆಚೆ ಹೋದವನೂ ಅಲ್ಲ. ಆದರೆ ಏಳು ಸಮುದ್ರದಾಚೆ ಆಲ್ಟನ್‌ಬ್ರುನ್ ಎಂಬ ಸಣ್ಣ ಊರಿದೆಯಲ್ಲ, ಅದರ ಅಗಸೆ ಬಾಗಿಲು ಯಾವ ದಿಕ್ಕಿಗಿದೆ, ಓಣಿಯವರು ಗಿರಜಾ ಎನ್ನುವ ಅಲ್ಲಿಯ ಮೂರು ಚರ್ಚುಗಳಲ್ಲಿ ಯಾವುದರ ಗಂಟೆ ಒಡಕು ದನಿಯದು, ಯಾವುದರ ಗೋಡೆಯ ಮೇಲೆ ಹೊಳೆ ಏರಿ ಬಂದ ಗುರುತು ಉಳಿದಿದೆ, ಎಲ್ಲವನ್ನೂ ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ. ತಾನು ಹುಟ್ಟಿದ ಎಕಂಬಾದ ಮಾತು ಬಂದರೆ ಮಾತ್ರ, “ಅಲ್ಲೇನದರಿ, ಜ್ವಾಳ, ತೊಗರಿ, ಧೂಳು” ಎಂದು ತುಟಿ ಸೊಟ್ಟ ಮಾಡುತ್ತಿದ್ದ.

ಎಕಂಬಾ ಔರಾದ ತಾಲೂಕಿನ ಊರು. ಅಲ್ಲಿ ಮನ್ಮಥಪ್ಪನ ಅಪ್ಪ ಹಾವಗೆಪ್ಪ ದೇಶಮುಖರ ಹೊಲವನ್ನು ಪಾಲಿಗೆ ಮಾಡಿಕೊಂಡಿದ್ದ ಒಕ್ಕಲಿಗ. ಹೆಂಡತಿ ಬೇಗ ತೀರಿಕೊಂಡಳು, ಇದ್ದವನು ಒಬ್ಬನೇ ಮಗ. ಮಳೆಗಾಲದಲ್ಲಿ ಹಳ್ಳ ಬಂದರೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಎದೆಮಟ್ಟದ ನೀರು ದಾಟಿ, ಠಾಣಾ ಕುಶನೂರದ ಐನೋರ ಸಾಲೆಗೆ ಬಿಟ್ಟು, ತಿರುಗಿ ಬಂದು ನೇಗಿಲು ಹಿಡಿಯುತ್ತಿದ್ದ. “ಅವನರೇ ನೆರಳಾಗ ಕುಂತು ಉಣ್ಣಲಿ” ಎನ್ನುತ್ತಿದ್ದ. ಮಗ ಮುಂದೆ ಭಾಲ್ಕಿಯಲ್ಲಿ ಒಬ್ಬ ಮೌಲ್ವಿಯ ಕಡೆ ಉರ್ದು ಕಲಿತ, ಆ ಊರಿನ ಹುಡುಗಿ ಶಿವಕಾಂತಾಳನ್ನೇ ಲಗ್ನವಾದ, ಬೀದರದಲ್ಲಿ ಬಾಡಿಗೆ ಮನೆ ಹಿಡಿದ. ಸರಕಾರಿ ನೌಕರಿ ಸಿಗಲಿಲ್ಲ. ಸಿಕ್ಕಿದ್ದು ಪಾದ್ರಿ.

ಮೂಸಿ ಹೊಳೆ ಹೈದರಾಬಾದಿನೊಳಗೆ ನುಗ್ಗಿ ಹಾಹಾಕಾರ ಮಾಡಿತಲ್ಲ, ಅದರ ಮರುವರ್ಷ ಬೀದರಕ್ಕೆ ಬಂದವರು ಯೋಹಾನ್ ಪಾದ್ರಿ. ಎತ್ತರದ ಆಳು, ಕೆಂಪು ಗಡ್ಡ, ಬಿಸಿಲಿಗೆ ಸುಲಿದ ಮೂಗು. ಕನ್ನಡ ಕಲಿಯಬೇಕಾಗಿತ್ತು. ದಿನಾ ಬೆಳಿಗ್ಗೆ ನಡೆದುಕೊಂಡು ಮನ್ಮಥಪ್ಪನ ಪಡಸಾಲೆಗೆ ಬಂದು ಕೂಡುತ್ತಿದ್ದರು.

ಮನ್ಮಥಪ್ಪ ಪಾಠ ಹೇಳುವ ರೀತಿಯೇ ಬೇರೆ. “ವ್ಯಾಕರಣ ಬ್ಯಾಡ್ರಿ ಸಾಹೇಬ್ರ. ನಿಮ್ಮ ಊರಿನ ಸುದ್ದಿ ಹೇಳ್ರಿ. ಜೀವದಾಗ ಇದ್ದದ್ದು ಹೇಳೋ ಮುಂದ ಮಾತು ತಾನ ಹುಟ್ಟತದ. ತಪ್ಪಿದಲ್ಲಿ ನಾ ತಿದ್ದತೇನಿ” ಎಂದಿದ್ದ. ಹಾಗೆ ಆಲ್ಟನ್‌ಬ್ರುನ್ ಊರು ಬೀದರದ ಆ ಪಡಸಾಲೆಯಲ್ಲಿ ದಿನಕ್ಕೊಂದು ಗೋಡೆ, ದಿನಕ್ಕೊಂದು ಬಾಗಿಲು ಎಂಬಂತೆ ಕನ್ನಡದಲ್ಲಿ ಎದ್ದು ನಿಂತಿತು. ಮೊದಲು ಬಂದದ್ದು ಗುಡ್ಡದ ಮೇಲಿನ ದೊಡ್ಡ ಚರ್ಚು. ಅಡಿಗಲ್ಲು ಇಟ್ಟವನ ಮೊಮ್ಮಗ ಮುದುಕನಾದ ಮೇಲೆ ಅದರ ಶಿಖರ ಮುಗಿದಿತ್ತು. ಆಮೇಲೆ ಹೊಳೆ ದಂಡೆಯ ಸಣ್ಣ ಚರ್ಚು. ಅದು ಅಂಬಿಗರದು, ಮಹಾಪೂರ ಬಂದಾಗಲೆಲ್ಲ ನೀರು ಎಷ್ಟು ಏರಿತೆಂದು ಗೋಡೆಯ ಮೇಲೆ ಗೆರೆ ಕೊರೆದಿಟ್ಟಿದ್ದರು. ಕೊನೆಗೆ ಕೋಟೆಯ ಹೊರಗಿನ ಹಾಳು ಚರ್ಚು. ಒಂದೇ ದೇವರ ಎರಡು ಪಂಗಡದವರು ಬಡಿದಾಡಿದ ಕಾಲಕ್ಕೆ ಅದಕ್ಕೆ ಬೆಂಕಿ ಬಿದ್ದಿತ್ತು. ಈಗ ಚಾವಣಿ ಇಲ್ಲ, ಒಳಗೆ ಗಿಡ ಬೆಳೆದಿದೆ. ಆದರೂ ವರ್ಷಕ್ಕೊಮ್ಮೆ ಎರಡೂ ಪಂಗಡದವರು ಅಲ್ಲಿ ಕೂಡಿ, ಆಕಾಶವೇ ಚಾವಣಿಯೆಂದು ಪ್ರಾರ್ಥನೆ ಮಾಡುತ್ತಾರೆ.

ಪಾದ್ರಿ ಹೇಳಿದ್ದು ಬೆಳಿಗ್ಗೆ, ಮನ್ಮಥಪ್ಪ ಚೌಬಾರಾದಲ್ಲಿ ಹೇಳುತ್ತಿದ್ದದ್ದು ಸಂಜೆ. ನಡುವಿನ ಹೊತ್ತಿನಲ್ಲಿ ಮಾತಿಗೆ ಸ್ವಲ್ಪ ಬಣ್ಣ ಏರುತ್ತಿತ್ತು.

“ದೊಡ್ಡ ಗಿರಜಾ ಎಷ್ಟೆತ್ತರ ಅದರಿ ಮುನ್ಶಿಜಿ? ನಮ್ಮ ಚೌಬಾರಾದಷ್ಟು?” ಎಂದು ಮುನೀರೋದ್ದೀನ ಕೇಳುವನು.

“ಚೌಬಾರಾದ ತಲಿ ಮ್ಯಾಲ ಇನ್ನೊಂದು ಚೌಬಾರಾ ಇಡು. ಅದರ ಮ್ಯಾಲ ಸೂಜಿಯಂಥಾ ಶಿಖರ. ಅದರ ತುದಿಗಿ ಏನದ ಹೇಳು ನೋಡೂಣು?”

“ಕಳಸ?”

“ಹುಂಜ!”

ಕಟ್ಟೆ ಹೋ ಎಂದಿತು. “ಯಾ ಅಲ್ಲಾ! ಗುಡಿ ಮ್ಯಾಲ ಹುಂಜ ಏರಸ್ಯಾರ? ನಮ್ಮ ಮನ್ಯಾಗೊಂದು ಅದ, ಒಯ್ದು ಇಡ್ಲೇನು ಚೌಬಾರಾದ ಮ್ಯಾಲ? ಮುಂಜಾನೆದ್ದು ಊರಿಗೆಲ್ಲಾ ನಿದ್ದಿ ಕೆಡಸ್ತದ ಹರಾಮಖೋರ” ಎಂದು ಮುನೀರೋದ್ದೀನ ಎಲೆಗೆ ಸುಣ್ಣ ಬಳಿದ.

ತಾಮ್ರದ ಆ ಹುಂಜ ಅಲ್ಲಿ ಯಾಕೆ ಕೂತಿದೆ ಎಂಬುದನ್ನು ಮನ್ಮಥಪ್ಪ ಕಟ್ಟೆಗೆ ಹೇಳಲಿಲ್ಲ. ಪಾದ್ರಿ ಅವನಿಗೆ ಹೇಳಿದ್ದರು. ಅವರ ಮತದ ಮೂಲ ಗುರುವನ್ನು ಭಟರು ಹಿಡಿದುಕೊಂಡು ಹೋದಾಗ ನೆಚ್ಚಿನ ಶಿಷ್ಯನೊಬ್ಬ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದನಂತೆ. “ನೀನೂ ಅವನ ಕಡೆಯವನಲ್ಲವೇ?” ಎಂದು ಕೇಳಿದವರಿಗೆಲ್ಲ, “ಅವನಾರೋ ನಾನರಿಯೆ” ಎಂದನಂತೆ. ಅಷ್ಟರಲ್ಲಿ, ಗುರು ಮೊದಲೇ ಹೇಳಿದ್ದ ಹಾಗೆ, ಹುಂಜ ಕೂಗಿತು. “ಶಿಷ್ಯನು ಹೊರಗೆ ಹೋಗಿ ಬಹಳ ನೀರು ಹಾಕಿದನು” ಎಂದು ಪಾದ್ರಿ ಮುಗಿಸಿದಾಗ, ಮನ್ಮಥಪ್ಪ ನಕ್ಕು ತಿದ್ದಿದ್ದ: “ನೀರು ಹಾಕೂದು ಗಿಡಕ್ಕರಿ. ಇಲ್ಲಿ, ಬಿಕ್ಕಿ ಬಿಕ್ಕಿ ಅತ್ತ ಅನ್ರಿ.”

ತಿದ್ದುವುದು ಭಾಷೆಯಷ್ಟೇ ಆಗಿರಲಿಲ್ಲ. ಹೊಸದರಲ್ಲಿ ಒಮ್ಮೆ ಪಾದ್ರಿ, ಈ ದೇಶದ ಮರ್ಯಾದೆ ಹೀಗೆಂದು ತಿಳಿದು, ಹಾಲು ತಂದ ಗೌಳಿಯ ಕಾಲಿಗೆ ಬಾಗಿಬಿಟ್ಟಿದ್ದರು. ಗೌಳಿ ಚರಿಗೆ ಬಿಟ್ಟು ಓಡಿದ. ಅಂದಿನ ಪಾಠವೆಲ್ಲ ಕಾಲಿನದೇ ಆಯಿತು. “ಎಲ್ಲಾರ ಕಾಲಿಗೂ ಬೀಳೂದಲ್ರಿ ಸಾಹೇಬ್ರ. ಜಂಗಮರ ಕಾಲಿಗೆ, ಹಡೆದವರ ಕಾಲಿಗೆ. ಮನಿ ಸೊಸಿ ಆದ್ರ ಅತ್ತಿ ಮಾವನ ಕಾಲಿಗೆ. ಆಳುಮಕ್ಕಳ ಕಾಲಿಗೆ ಯಾರೂ ಬೀಳಂಗಿಲ್ಲ.” ಪಾದ್ರಿ ಅದನ್ನು ಎರಡು ಸಲ ಹೇಳಿ ಗಟ್ಟಿ ಮಾಡಿಕೊಂಡರು. ಒಮ್ಮೆ ಕಲಿತದ್ದನ್ನು ಮರೆಯುವ ಮನುಷ್ಯನಲ್ಲ ಅವರು.

ಒಂದು ಬೆಳಿಗ್ಗೆ ಪಾದ್ರಿ ತಮ್ಮ ತಂದೆಯ ಮಾತು ತೆಗೆದರು. “ನನ್ನ ತಂದೆ ದೊಡ್ಡ ಚರ್ಚಿನಲ್ಲಿ ಗಂಟೆ ಬಾರಿಸುತ್ತಾರೆ. ಊರಲ್ಲಿ ಯಾರಾದರೂ ಸತ್ತರೆ ಕುಣಿ ತೋಡುವವರೂ ಅವರೇ. ಅವರ ಅಂಗೈ ಮುಟ್ಟಿದರೆ ಮರದ ತೊಗಟೆಯ ಹಾಗೆ” ಎಂದು ತಮ್ಮ ಅಂಗೈಯನ್ನೇ ಮುಂದೆ ಚಾಚಿ ತೋರಿಸಿದರು. ಮುಖದಲ್ಲಿ ಹಬ್ಬದ ಕಳೆ ಇತ್ತು.

ಮನ್ಮಥಪ್ಪನಿಗೆ ಅವರ ಪರವಾಗಿ ತಾನೇ ನಾಚಿದ ಹಾಗಾಯಿತು. ಕುಣಿ ತೋಡುವವನ ಮಗ ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಅಂದು ಸಂಜೆ ಕಟ್ಟೆಯಲ್ಲಿ ಆ ಮುದುಕನನ್ನು ಅವನು ಮೇಲಕ್ಕೆತ್ತಿ ಕೂರಿಸಿದ. “ಪಾದ್ರಿ ಸಾಹೇಬರ ಅಪ್ಪ ಅಂದ್ರ ಸಣ್ಣ ಮನುಷ್ಯಾ ಅಲ್ಲ. ದೊಡ್ಡ ಗಿರಜಾದ ಮುತವಲ್ಲಿ, ಎಲ್ಲಾ ಕಾರಭಾರ ಅವರದ!” ಎಂದ. ಕಟ್ಟೆಯವರು ತಲೆದೂಗಿದರು.

ಆದರೆ ಅದಕ್ಕೂ ಮೊದಲು, ಬೆಳಗಿನ ಪಾಠದಲ್ಲೇ, ಇನ್ನೊಂದು ಮಾತು ಆಗಿಹೋಗಿತ್ತು. ಪಾದ್ರಿ ಅಂಗೈ ಮಡಚಿಕೊಂಡು, “ಇನ್ನು ನೀವು ಹೇಳಿರಿ ಮುನ್ಶಿಯವರೇ. ನಿಮ್ಮ ತಂದೆ?” ಎಂದಿದ್ದರು.

ಮನ್ಮಥಪ್ಪನ ಕಣ್ಣಿಗೆ ಬಂದದ್ದು ಮಂಡಿಯ ಮೇಲೆ ಎತ್ತಿ ಕಟ್ಟಿದ ಧೋತರ, ಬಿರಿದ ಹಿಮ್ಮಡಿ. ಬಾಯಿಗೆ ಬಂದದ್ದು ಬೇರೆ. “ನಮ್ಮ ತಂದಿಯವರು ಎಕಂಬಾದ ದೇಶಮುಖರು. ಊರ ಗುಡಿ ಕಟ್ಟಿಸಿದವರು ನಮ್ಮ ಮುತ್ಯಾನವರು” ಎಂದ.

“ಹೌದೇ! ಹಾಗಾದರೆ ಒಂದು ದಿನ ಹೋಗೋಣ. ನಾನು ಅವರನ್ನೂ ಆ ಗುಡಿಯನ್ನೂ ನೋಡಬೇಕು.”

ಒಂದು ಸುಳ್ಳಿಗೆ ಮಲಗಲು ಹಾಸಿಗೆ ಕೊಟ್ಟರೆ ಅದು ತನ್ನ ಬಳಗವನ್ನೆಲ್ಲ ಕರೆಯುತ್ತದೆ. ಮನ್ಮಥಪ್ಪ ಗಾಬರಿಯಲ್ಲಿ, “ಇಲ್ರಿ, ಅವರು ತೀರಿಕೊಂಡಾರ್ರಿ. ಹೋದ ಬ್ಯಾಸಗಿಯಾಗ” ಎಂದುಬಿಟ್ಟ.

ಪಾದ್ರಿ ಕುರ್ಚಿಯಿಂದ ಎದ್ದು ನಿಂತು, ಕಣ್ಣು ಮುಚ್ಚಿ, ತೀರಿಕೊಂಡ ಆ ಹಿರಿಯರಿಗಾಗಿ ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಿದರು. ಮನ್ಮಥಪ್ಪನೂ ಏಳಬೇಕಾಯಿತು, ಕಣ್ಣು ಮುಚ್ಚಬೇಕಾಯಿತು. ಮುಚ್ಚಿದ ಕಣ್ಣೊಳಗೆ ಹಳ್ಳದ ಕೆಂಪು ನೀರು, ಅದರ ಮೇಲೆ ತನ್ನ ಎರಡು ಸಣ್ಣ ಕಾಲು, ಕಾಲನ್ನು ಗಟ್ಟಿಯಾಗಿ ಹಿಡಿದ ಕೈ.

ಪಾದ್ರಿಯ ಕಿವಿಗೆ ಬೇರೆ ಮಾತು ಬೀಳಬಾರದೆಂದು ಅಪ್ಪ ಸತ್ತ ಸುದ್ದಿಯನ್ನು ಕಟ್ಟೆಯಲ್ಲೂ ಹೇಳಿಟ್ಟ. ಎಳ್ಳು ಅಮಾವಾಸ್ಯೆಯ ಹಬ್ಬ, ಎಳ್ಳಮಾಸಿ ಬಂತು. ಔರಾದ, ಭಾಲ್ಕಿಯ ಕಡೆಯ ಒಕ್ಕಲಿಗರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಊರೆಲ್ಲ ಹೊಲದಲ್ಲಿ, ಜೋಳದ ಕಣಕಿಯ ಗುಡಿಸಲು ಹಾಕಿ, ಭೂಮಿಗೆ ಎಡೆಯ ಚರಗ ಚೆಲ್ಲಿ, ಕಾಳುಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ, ಮಡಕೆ ತುಂಬ ಅಂಬಲಿ. ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆದು ಕುಡಿಸುತ್ತಾರೆ. ಮನ್ಮಥಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಸಲ ಪಾದ್ರಿ, “ನಾನೂ ಬರುತ್ತೇನೆ, ಹೊಲದ ಹಬ್ಬ ನೋಡುತ್ತೇನೆ” ಎಂದರು. “ಅಪ್ಪ ತೀರಿದ ವರ್ಷ ಹಬ್ಬ ಮಾಡಂಗಿಲ್ರಿ” ಎಂದ ಮನ್ಮಥಪ್ಪ. ಮನೆಯಲ್ಲಿ ಶಿವಕಾಂತಾಗೆ, “ಪಾದ್ರಿ ಸೂಟಿ ಕೊಡವಲ್ರು” ಎಂದ. ಅವಳು ಭಜ್ಜಿಗೆಂದು ತಂದ ಸೊಪ್ಪು ಹಿತ್ತಲಲ್ಲೇ ಬಾಡಿತು.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಪಾದ್ರಿ ಗಂಟೆಯ ಕತೆ ತೆಗೆದಿದ್ದರು. ಶಿವಕಾಂತಾ ನೀರಿಗೆ ಹೋಗಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

ಹಾವಗೆಪ್ಪ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಟ್ಟೆಯಲ್ಲಿ ಬಾಯಿ ಕಟ್ಟಿದ ಮಣ್ಣಿನ ಮಡಕೆ. ಔರಾದದ ಹತ್ತಿ ಗಾಡಿಯಲ್ಲಿ, ಮಗನ ಬೀದರದ ಮನೆಗೆ ಮೊದಲ ಸಲ ಬಂದಿದ್ದ. ಮೀಸೆಗೆ, ಹುಬ್ಬಿಗೆ ಹತ್ತಿಯ ಎಳೆ ಅಂಟಿತ್ತು. ಮಗ ಬರಲಿಲ್ಲವಲ್ಲ, ಹಬ್ಬವನ್ನೇ ಹೊತ್ತು ತಂದಿದ್ದ. ನಗುತ್ತ ಬಾಯಿ ತೆರೆಯುವಷ್ಟರಲ್ಲಿ ಮನ್ಮಥಪ್ಪ ಎದ್ದು ನಿಂತ.

“ಬಾ, ಬಾ. ಅಲ್ಲೇ ಇಳಸು” ಎಂದ.

ಯಾವಾಗಲೂ “ಬಾ ಯಪ್ಪಾ” ಎನ್ನುತ್ತಿದ್ದ ಬಾಯಿ ಅದು.

“ಯಾರು ಇವರು?” ಎಂದರು ಪಾದ್ರಿ.

“ನಮ್ಮ ಹೊಲದ ಆಳು ಇದ್ದಾನ್ರಿ. ಊರಿಂದ ಬಂದಾನ.”

ಹಾವಗೆಪ್ಪನ ಕೈ ಮಡಕೆಯ ಮೇಲೇ ಇತ್ತು. ಮಗನ ಮುಖ ನೋಡಿದ. ಕೆಂಪು ಗಡ್ಡದ ಸಾಹೇಬನನ್ನು ನೋಡಿದ. ಮತ್ತೆ ಮಗನ ಬಿಳಿ ಅಂಗರಖಾ, ತಲೆಯ ರುಮಾಲು. ಮೆಲ್ಲಗೆ ಮಡಕೆಯನ್ನು ಕೆಳಗಿಳಿಸಿ, ಹೆಗಲ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೈ ಜೋಡಿಸಿದ.

“ಅಂಬಲಿ ತಂದೀನ್ರಿ ಧಣ್ಯಾರ. ಹುಳಿ ಒಡದದ ಏನೋ” ಎಂದ.

ಪಾದ್ರಿ ಎದ್ದು ತಮ್ಮ ಕುರ್ಚಿ ತೋರಿಸಿದರು. ಮುದುಕ ಹೌಹಾರಿ ಕಂಬದ ಬುಡದಲ್ಲಿ ನೆಲಕ್ಕೆ ಕೂತ. ಹೊಸ ಕಿವಿ ಸಿಕ್ಕಿದ ಖುಷಿಯಲ್ಲಿ ಪಾದ್ರಿ ಕತೆಯನ್ನು ಮೊದಲಿನಿಂದ ಶುರು ಮಾಡಿದರು. ಯಾವುದೋ ಕಾಲದ ಯುದ್ಧದಲ್ಲಿ ತೋಪು ಎರಕ ಹೊಯ್ಯಲು ಊರೂರಿನ ಗಂಟೆ ಕೇಳುತ್ತಿದ್ದರಂತೆ. ಆಲ್ಟನ್‌ಬ್ರುನ್‌ನವರು ದೊಡ್ಡ ಚರ್ಚಿನ ಗಂಟೆ ಇಳಿಸಿ, ಒಂದು ಹೊಲದಲ್ಲಿ ಹೂತು, ಗುರುತು ಸಿಗದ ಹಾಗೆ ಮೇಲೆ ಬಿತ್ತಿಬಿಟ್ಟರು. ಯುದ್ಧ ಮುಗಿಯುವಷ್ಟರಲ್ಲಿ ಹೂತವರೆಲ್ಲ ಸತ್ತಿದ್ದರು. ಗಂಟೆ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಎಷ್ಟೋ ತಲೆಮಾರಿನ ಮೇಲೆ ಒಬ್ಬ ಒಕ್ಕಲಿಗನ ನೇಗಿಲು ನೆಲದೊಳಗೆ ಏನಕ್ಕೋ ಬಡಿದು ಠಣ್ ಎಂದಿತು.

“ಎಪ್ಪಾ!” ಎಂದ ಹಾವಗೆಪ್ಪ. ಎಲ್ಲ ಮರೆತು ಮುಂದೆ ಬಾಗಿದ್ದ. “ಒಂದು ಮಾತು ಕೇಳ್ಲೇನ್ರಿ ಸಾಹೇಬ್ರ? ಗಂಟಿ ಹೂತ ವರ್ಷ ಆ ಹೊಲದಾಗ ಬೆಳಿ ಹ್ಯಾಂಗ ಬಂದಿತ್ರಿ?”

ಪಾದ್ರಿ ಬಾಯಿ ತೆರೆದರು, ಮುಚ್ಚಿದರು, ಜೋರಾಗಿ ನಕ್ಕರು. “ನಮ್ಮ ಊರಲ್ಲಿ ಇದನ್ನು ಯಾರೂ ಕೇಳಿರಲಿಲ್ಲ! ನನ್ನ ತಂದೆಗೆ ಬರೆದು ಕೇಳುತ್ತೇನೆ.” ಮುದುಕನ ಮೇಲೆ ಅವರಿಗೆ ಜೀವ ಬಂದಿತ್ತು. ಅದೇ ಪ್ರೀತಿಯಲ್ಲಿ, “ನಿಮ್ಮ ಹಿರಿಯ ಧಣಿಗಳು, ಮುನ್ಶಿಯವರ ತಂದೆ, ಹೋದ ಬೇಸಿಗೆಯಲ್ಲಿ ತೀರಿಕೊಂಡರಲ್ಲ, ಈಗ ಹೊಲ ಯಾರು ನೋಡುತ್ತಾರೆ?” ಎಂದರು.

ಮನ್ಮಥಪ್ಪ ತನ್ನ ಕಾಲಿನ ಉಗುರು ನೋಡುತ್ತಿದ್ದ.

ಹಾವಗೆಪ್ಪ ಕಂಕುಳಿನ ವಸ್ತ್ರ ತೆಗೆದು, ಬಿಚ್ಚಿ, ಮತ್ತೆ ಮಡಚಿದ. ತಾನು ಸತ್ತ ಸುದ್ದಿ ಕೇಳಿದವನಿಗೆ ಅಷ್ಟು ಹೊತ್ತು ಬೇಕಲ್ಲ. ಆಮೇಲೆ ಹೇಳಿದ: “ನಾನ ನೋಡ್ತೇನ್ರಿ. ಅವರು ಇದ್ದಾಗೂ ನಾನ ನೋಡ್ತಿದ್ದೆ.”

“ಹೇಗಿದ್ದರು ಅವರು?”

“ಇದ್ರುರಿ, ನಾಕು ಮಂದಿಯಂಗ. ಶಾಣ್ಯಾರೇನಲ್ಲ. ಮಗನ ಮ್ಯಾಲ ಭಾಳ ಜೀವ ಇತ್ತು.” ಮುದುಕ ವಸ್ತ್ರದಿಂದ ಹುಬ್ಬಿನ ಹತ್ತಿ ಒರೆಸಿಕೊಂಡ. “ಹಳ್ಳ ಬಂದಾಗ ಹೆಗಲ ಮ್ಯಾಲ ಹೊತ್ಕೊಂಡು ಸಾಲಿಗಿ ಬಿಡ್ತಿದ್ರು. ಅಷ್ಟ ನೋಡ್ರಿ ಅವರು ಮಾಡಿದ್ದು.”

ಆಗ ಶಿವಕಾಂತಾ ಬಂದಳು. ತಲೆಯ ಮೇಲೆ ಒಂದು, ಕಂಕುಳಲ್ಲಿ ಒಂದು ಕೊಡ. ಕಂಬದ ಬುಡ ನೋಡಿದವಳೇ ಎರಡೂ ಕೊಡ ಇಳಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ನೆಲಕ್ಕೆ ಮಂಡಿಯೂರಿ, ಧೂಳು ಮೆತ್ತಿದ ಆ ಬಿರಿದ ಕಾಲುಗಳ ಮೇಲೆ ಹಣೆ ಇಟ್ಟಳು.

“ಯಾವಾಗ ಬಂದ್ರಿ ಯಪ್ಪಾ? ನೆಲದ ಮ್ಯಾಲ ಯಾಕ ಕುಂತೀರಿ?”

ಮನ್ಮಥಪ್ಪ ಕಣ್ಣೆತ್ತಿದ. ಪಾದ್ರಿ ಶಿವಕಾಂತಾಳನ್ನು ನೋಡುತ್ತಿದ್ದರು. ಅವಳ ಹಣೆ, ಮುದುಕನ ಕಾಲು. ಆಮೇಲೆ ಅವರ ದೃಷ್ಟಿ ಮೆಲ್ಲಗೆ ಮುನ್ಶಿಯ ಕಡೆ ತಿರುಗಿತು, ಒಂದು ಗಳಿಗೆ ನಿಂತಿತು, ಬೇರೆ ಕಡೆ ಹೊರಳಿತು. ಮಗ್ಗಲಿನ ಗೋಡೆಯ ಮೇಲೆ ನೋಡುವಂಥದ್ದೇನೂ ಇರಲಿಲ್ಲ. ಆದರೂ ಅದನ್ನೇ ನೋಡಿದರು. ಟೋಪಿ ತೆಗೆದುಕೊಂಡು ಎದ್ದು, ಮುದುಕನ ಮುಂದೆ ಎರಡೂ ಕೈ ಜೋಡಿಸಿ, ಸೊಂಟ ಬಾಗಿಸಿ, “ಶರಣಾರ್ಥಿ” ಎಂದರು. ಕಾಲು ಮುಟ್ಟಲಿಲ್ಲ. ಮುಟ್ಟಿದ್ದರೆ ಮುನ್ಶಿಯ ಮಾನ ಹೋಗುತ್ತಿತ್ತು.

ಅಂದು ಊಟಕ್ಕೆ ಕೂತಾಗ ಹಾವಗೆಪ್ಪ ಸೊಸೆಗೆ ಗಂಟೆಯ ಕತೆಯನ್ನು ಸ್ವಾರಸ್ಯವಾಗಿ ಹೇಳಿದ. ಇನ್ನೊಂದು ಮಾತು ಎತ್ತಲಿಲ್ಲ. ಮನ್ಮಥಪ್ಪ ಅಂಬಲಿಯ ಬಟ್ಟಲು ಕೆಳಗಿಟ್ಟ. “ಯಪ್ಪಾ…” ಎಂದು ಶುರು ಮಾಡಿದ.

“ಕುಡಿ, ಕುಡಿ. ಹುಳಿ ಆದ್ರ ಹೊಟ್ಟಿಗಿ ಛಲೋ” ಎಂದ ಹಾವಗೆಪ್ಪ. ತುಸು ತಡೆದು, “ಅನ್ನಾ ಕೊಡೋ ಮನುಷ್ಯಾನ ಮುಂದ ನಿನ್ನ ಮಾತು ಬೀಳಬಾರದು” ಎಂದು ಮಾತ್ರ ಹೇಳಿದ. ಮರುದಿನ ಗಾಡಿ ಹತ್ತಿದ. ಮಡಕೆ ಬಿಟ್ಟುಹೋದ.

ಗಾಡಿ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದ ಶಿವಕಾಂತಾ ಒಳಗೆ ಬಂದಳು. ಪಡಸಾಲೆಯಲ್ಲಿ ಏನಾಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೀರಿಗೆ ಹೋದಾಗ ಬಾವಿಯ ಕಟ್ಟೆಯಲ್ಲಿ ರುಕ್ಮಿಣಿಬಾಯಿ, “ಏನವ್ವಾ, ಮಾವ ಸತ್ತು ಇಷ್ಟ ದಿನಾ ಆತು, ಒಂದು ಮಾತು ಹೇಳಲಿಲ್ಲಲ್ಲ. ಮುನ್ಶಿಯವರು ಕಟ್ಟಿ ಮ್ಯಾಲ ಹೇಳಿದ್ರಂತ” ಎಂದಳು. ಮಾವ ಕಂಬದ ಬುಡದಲ್ಲಿ ನೆಲಕ್ಕೆ ಕೂತದ್ದು ಯಾಕೆಂದು ಶಿವಕಾಂತಾಗೆ ಆಗ ತಿಳಿಯಿತು. ಮನೆಗೆ ಬಂದು ಗಂಡನ ಮುಂದೆ ನಿಂತಳು.

“ಪಾದ್ರಿ ಊರಾಗ ಗಂಟಿ ಹೂತು ಮ್ಯಾಲ ಬಿತ್ತಿದ್ರಂತ. ನೀವು ಹಡದಪ್ಪನ್ನ ಹೂತು ಮ್ಯಾಲ ಬಿತ್ತಿದ್ರಿ. ಬೆಳಿ ಹ್ಯಾಂಗ ಬಂದದರಿ?”

ಮನ್ಮಥಪ್ಪ ರುಮಾಲು ಎತ್ತಿಕೊಂಡು ಹೊರಗೆ ನಡೆದ.

ಪಾದ್ರಿ ಪಾಠಕ್ಕೆ ಬಂದಾಗ ಅವನು ಬಾಗಿಲಲ್ಲೇ ಕಾದಿದ್ದ. ಇವರೇ ಬೈಯಲಿ, ಇವರೇ ಕೇಳಲಿ, ಕೇಳಿದರೆ ಕಾಲು ಹಿಡಿದು ಹೇಳಿಬಿಡುತ್ತೇನೆ ಎಂದುಕೊಂಡಿದ್ದ. ಪಾದ್ರಿ ಕೂತರು, ಬೆವರು ಒರೆಸಿಕೊಂಡರು, ಮೃದುವಾಗಿ ಕೇಳಿದರು: “ನಿಮ್ಮ ಹೊಲದ ಹಿರಿಯರು ಸುಖವಾಗಿ ಊರು ಮುಟ್ಟಿದರೇ?”

ಎಲ್ಲ ಬಲ್ಲವರು ಅವನ ಸುಳ್ಳಿಗೆ ತಾವೇ ಹೊದಿಕೆ ಹೊದಿಸುತ್ತಿದ್ದರು. ಅಪ್ಪ ಹೊದಿಸಿದ, ಇವರೂ ಹೊದಿಸಿದರು. ಆ ಹೊದಿಕೆಯ ಕೆಳಗೆ ಮನ್ಮಥಪ್ಪನಿಗೆ ಉಸಿರು ಕಟ್ಟಿತು. “ಹೂಂರಿ” ಎಂದ. ಆ ಹೂಂ ಅನ್ನಬಾರದಿತ್ತು. ಮೊದಲಿನ ಸುಳ್ಳಿಗಿಂತ ಅದು ಹೆಚ್ಚು ಸುಟ್ಟಿತು.

ಆಮೇಲೆ ಅವನು ಚೌಬಾರಾದ ಕಡೆ ಹೋಗುವುದನ್ನು ಬಿಟ್ಟ. “ಮುನ್ಶಿಜಿ, ಗಿರಜಾದ ಕತಿ ಎಲ್ಲಿಗಿ ಬಂತು? ಹುಂಜ ಇಳೀತೇನು?” ಎಂದು ಮುನೀರೋದ್ದೀನ ದಾರಿಯಲ್ಲಿ ಕೂಗಿದರೆ, ಕೇಳಿಸದವನ ಹಾಗೆ ಸಂದಿ ಹಿಡಿಯುತ್ತಿದ್ದ. ಬೆಳಗಾದರೆ ಮುನೀರೋದ್ದೀನನ ಮನೆಯ ಹುಂಜ ಕೂಗುತ್ತಿತ್ತು. ಮನ್ಮಥಪ್ಪ ಕೌದಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ. ಹುಂಜಕ್ಕೆ ಏನು ಗೊತ್ತು ಪಾಪ, ಅದು ಕೂಗುವುದು ಹೊತ್ತು ಹುಟ್ಟಿತೆಂದು.

ಬೇಸಿಗೆ ಹೋಯಿತು, ಮಳೆ ಹೋಯಿತು. ಹೋಗುತ್ತೇನೆ, ಈ ಅಮಾಸಿಗೆ ಹೋಗುತ್ತೇನೆ ಎನ್ನುತ್ತಲೇ ಇದ್ದ. ಹೋಗಿ ಯಾವ ಮುಖ ತೋರಿಸಲಿ ಎಂದು ಉಳಿಯುತ್ತಿದ್ದ. ತೊಗರಿ ಹೂ ಬಿಡುವ ಕಾಲಕ್ಕೆ ಔರಾದದ ಗಾಡಿಯವನು ಬಾಗಿಲಲ್ಲಿ ನಿಂತು ಹೇಳಿದ: “ಹಾವಗೆಪ್ಪಣ್ಣಗ ಮೊಣಕಾಲು ಹಿಡದಾವ್ರಿ. ಹೊಲ ಬೀಳು ಬಿದ್ದದ. ಮಗಗ ಹೇಳ್ಬ್ಯಾಡ, ಅಂವಗ ಕೆಲಸ ಭಾಳ ಅಂದಾನ. ನನಗ ತಡಕೊಳ್ಳಾಕ ಆಗಲಿಲ್ಲ.”

ಅದೇ ವಾರ ಪಾದ್ರಿ ಪಾಠಕ್ಕೆ ತಡವಾಗಿ ಬಂದರು. ಗಡ್ಡ ಬಾಚಿರಲಿಲ್ಲ.

“ನನ್ನ ತಂದೆ ತೀರಿಕೊಂಡರು ಮುನ್ಶಿಯವರೇ. ತೀರಿಕೊಂಡು ಎರಡು ತಿಂಗಳಾಯಿತಂತೆ. ಸುದ್ದಿ ಈಗ ಬಂತು. ನಮ್ಮ ಊರಿನಲ್ಲಿ ಯಾರಾದರೂ ಹೋದರೆ ಗಂಟೆ ಬಾರಿಸುತ್ತಿದ್ದವರು ಅವರು, ಕುಣಿ ತೋಡುತ್ತಿದ್ದವರು ಅವರು. ಅವರಿಗೆ ಯಾರು ಬಾರಿಸಿದರೋ, ಯಾರು ತೋಡಿದರೋ.” ತಮ್ಮ ಅಂಗೈ ನೋಡಿಕೊಂಡರು. “ಆ ಹಿರಿಯರ ಪ್ರಶ್ನೆಯನ್ನು ನಾನು ಬರೆದು ಕೇಳಿದ್ದೆ. ಗಂಟೆ ಹೂತ ವರ್ಷ ಬೆಳೆ ಹೇಗಿತ್ತು ಎಂದು. ಉತ್ತರ ಬರಲಿಲ್ಲ.” ಆಮೇಲೆ ಕೇಳಿದರು: “ಇಂಥ ಅಳುವಿಗೆ ಏನೋ ಮಾತು ಕಲಿಸಿದ್ದಿರಿ.”

“ಬಿಕ್ಕಿ ಬಿಕ್ಕಿ ಅಳೂದು” ಎಂದ ಮನ್ಮಥಪ್ಪ.

ಸಮಾಧಾನ ಹೇಳಬೇಕು. ಏನೆಂದು ಹೇಳುವುದು? ನಮ್ಮಪ್ಪನೂ ಹೋದಾಗ ಹೀಗೇ ಆಗಿತ್ತು ಎನ್ನಬೇಕೇ? ಇದ್ದ ಅಪ್ಪನನ್ನು ಸಾಯಿಸಿದವನು, ಅಪ್ಪನನ್ನು ನಿಜವಾಗಿ ಕಳೆದುಕೊಂಡವನ ಎದುರು ಕೂತಿದ್ದ. ಈ ಮನುಷ್ಯನಿಗೆ ಇನ್ನು ಎಷ್ಟು ಸಮುದ್ರ ದಾಟಿದರೂ ಆ ಒರಟು ಅಂಗೈ ಸಿಗದು. ತನಗೆ ಒಂದು ಗಾಡಿ ದಾರಿ.

ಪಾದ್ರಿ ಎದ್ದಾಗ ಮನ್ಮಥಪ್ಪ, “ಪಾಠ ಇನ್ನ ಆಗಂಗಿಲ್ರಿ ಸಾಹೇಬ್ರ. ನಾ ಊರಿಗಿ ಹೋಗ್ಲತ್ತೇನಿ. ತಿರುಗಿ ಬರಾಂಗಿಲ್ಲ. ಹೊಲ ನೋಡೋರಿಗಿ ಮೊಣಕಾಲು ಹಿಡದಾವ. ಹೊಲ ಬೀಳು ಬಿದ್ದದ” ಎಂದ. ಯಾಕೆಂದು ಪಾದ್ರಿ ಕೇಳಲಿಲ್ಲ.

ಹೊರಡುವ ಬೆಳಿಗ್ಗೆ ಮುನೀರೋದ್ದೀನನ ಹುಂಜ ಕೂಗುವ ಮೊದಲೇ ಶಿವಕಾಂತಾ ಎದ್ದಿದ್ದಳು. ಮನೆ ಗುಡಿಸಿ, ಹೊಸ್ತಿಲು ಸಾರಿಸಿ, ದೀಪ ಹಚ್ಚಿದಳು. ಬಾಡಿಗೆ ಮನೆಯಾದರೇನು, ಉಂಡ ಮನೆ. ಸಾಮಾನು ಗಾಡಿಗೇರಿತು. ಓಣಿಯವರು ಬಾಗಿಲಲ್ಲಿ ನೆರೆದರು. ರುಕ್ಮಿಣಿಬಾಯಿ ಬೆಕ್ಕನ್ನು ತನ್ನಲ್ಲಿ ಇಟ್ಟುಕೊಳ್ಳಲು ಒಪ್ಪಿ, “ನಮ್ಮ ಮನ್ಯಾಗ ಇನ್ನ ಮ್ಯಾಂವ್ ಅನ್ನಬೇಕು ನೋಡು, ಗಿರಜಾ ಬಿಡು” ಎಂದು ಅದಕ್ಕೆ ಬುದ್ಧಿ ಹೇಳುತ್ತ ಕಣ್ಣೊರೆಸಿಕೊಂಡಳು. ಮುನೀರೋದ್ದೀನ ದಾರಿಗೆಂದು ಎಲೆಯ ಪುಡಿಕೆ ತಂದಿದ್ದ.

“ಎಕಂಬಾದಾಗ ಈಗ ಯಾರಿದ್ದಾರ್ರಿ ಮುನ್ಶಿಜಿ? ದೊಡ್ಡವರು ಹೋಗಿಬಿಟ್ಟರು. ಯಾರ ಸಲುವಾಗಿ ಬೀದರ ಬಿಡ್ತೀರಿ?”

ಮನ್ಮಥಪ್ಪ ಮಣ್ಣಿನ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಒಳಗೆ ನಿಂತಿದ್ದ.

ಅಷ್ಟರಲ್ಲಿ ಮಂದಿ ದಾರಿ ಬಿಟ್ಟರು. ಪಾದ್ರಿ. ಕೈಯಲ್ಲಿ ಮಡಿಸಿದ ದಪ್ಪ ಉಣ್ಣೆಯ ಹೊದಿಕೆ. ಅವರ ಊರಿನಿಂದ ಬಂದದ್ದು, ಅವರು ಚಳಿಗಾಲದಲ್ಲಿ ತಾವೇ ಹೊದೆಯುತ್ತಿದ್ದದ್ದು.

“ಇದು ನಿಮ್ಮ ಹೊಲದ ಹಿರಿಯರಿಗೆ” ಎಂದರು. “ಮೊಣಕಾಲಿಗೆ ಬೆಚ್ಚಗಿರಲಿ.” ಎಲ್ಲರೂ ಇದ್ದರು, ಎಲ್ಲರೂ ಕೇಳುತ್ತಿದ್ದರು. ಆಗಲೂ ಅವರು ಹೊಲದ ಹಿರಿಯರು ಎಂದೇ ಅಂದರು.

ಮನ್ಮಥಪ್ಪನ ಕಿವಿ ಕಾದು ಕೆಂಪಾದವು. ಒಂದು ಕೈ ಬಿಡಿಸಿ ಹೊದಿಕೆಯ ಅಂಚು ಹಿಡಿದ. ಮುನೀರೋದ್ದೀನ ನೋಡುತ್ತಿದ್ದ, ರುಕ್ಮಿಣಿಬಾಯಿ ನೋಡುತ್ತಿದ್ದಳು, ಹಿಂದೆ ಶಿವಕಾಂತಾಳ ಬಳೆ ಸದ್ದು ನಿಂತಿತ್ತು. ಹೂಂ ಎಂದರೆ ಸಾಕಿತ್ತು. ಹೂಂ ಎನ್ನುವುದು ಅವನಿಗೆ ರೂಢಿಯೂ ಆಗಿತ್ತು.

“ನಮ್ಮಪ್ಪಗ ಕೊಡ್ತೇನ್ರಿ” ಎಂದ.

ಮುನೀರೋದ್ದೀನನ ಬಾಯಿಯ ಎಲೆ ಜಗಿಯುವುದು ನಿಂತಿತು. ರುಕ್ಮಿಣಿಬಾಯಿಯ ಕೈಯೊಳಗಿನ ಬೆಕ್ಕು ಕೂಡ ಮಿಸುಕಲಿಲ್ಲ. ಪಾದ್ರಿ ಹೊದಿಕೆಯನ್ನು ಅವನ ಹೆಗಲ ಮೇಲೆ ಹಾಕಿದರು. ಮನ್ಮಥಪ್ಪ ಯಾರ ಮುಖವನ್ನೂ ನೋಡಲಾರದೆ, ತಲೆ ತಗ್ಗಿಸಿ, ಬರಿದಾದ ಮಡಕೆಯನ್ನು ಎದೆಗವಚಿಕೊಂಡು, ಆ ಮನೆಯ ಹೊಸ್ತಿಲು ಇಳಿದ.